ಕೆಲಸ ಬಿಟ್ಟವರ ಕೈಯಲ್ಲಿ ಏನಿತ್ತು?

ಹೊಳೆನರಸೀಪುರದ ಪೇಟೆಯ ಒಂದು ತಿರುವಿನಲ್ಲಿ ಒಂದು ಟೈಲರಿಂಗ್ ಅಂಗಡಿಯಿದೆ. ಇಬ್ಬರು ಗಿರಾಕಿಗಳು ನಿಂತರೆ ಬಾಗಿಲು ಮುಚ್ಚಿದ ಹಾಗೆ; ಅಷ್ಟೇ ಜಾಗ. ಅಂಗಡಿ ನಡೆಸುವಾಕೆಗೆ ನಲವತ್ತರ ಆಸುಪಾಸು. ಬೆಂಗಳೂರಿನ ಒಂದು ಸಿದ್ಧ ಉಡುಪು ಕಾರ್ಖಾನೆಯಲ್ಲಿ ಎಂಟು ವರ್ಷ ಕಾಲರು ಹೊಲಿದು ಬಂದವರು. ಎಂಟು ವರ್ಷವೂ ಬರೀ ಕಾಲರು. ಒಂದು ಪೂರ್ತಿ ಅಂಗಿಯನ್ನು ತಾವೇ ಕತ್ತರಿಸಿ, ಹೊಲಿದು, ಗುಂಡಿ ಹಾಕಿದ್ದು ಊರಿಗೆ ಮರಳಿದ ಮೇಲೆಯೇ ಎಂದು ಹೇಳಿ ನಕ್ಕರು.

ಅಲ್ಲಿ ಗಂಟೆಗೆ ಇಷ್ಟು ತುಂಡು ಎಂಬ ಗುರಿಯಿತ್ತಂತೆ. ಗುರಿ ತಪ್ಪಿದರೆ ಸಾಲಿನಲ್ಲಿರುವ ಎಲ್ಲರೆದುರು ಬೈಗುಳ. ಶೌಚಾಲಯಕ್ಕೆ ಹೋದ ನಿಮಿಷಗಳಿಗೂ ಲೆಕ್ಕ. ಈ ಕೆಲಸ ಬಿಡಬೇಕು ಎಂದು ಆಕೆಗೆ ಅನ್ನಿಸಿದ್ದು ಮೊದಲ ವರ್ಷದಲ್ಲೇ. ಬಿಟ್ಟಿದ್ದು ಎಂಟನೆಯ ವರ್ಷ. ನಡುವಿನ ಏಳು ವರ್ಷ ಯಾತಕ್ಕೆ ಕಾದಿರಿ, ಧೈರ್ಯ ಬರಲಿಲ್ಲವೇ ಎಂದು ಕೇಳಿದೆ. ಆಕೆ ನನ್ನನ್ನು ತುಸು ಕನಿಕರದಿಂದಲೇ ನೋಡಿದರು. ಧೈರ್ಯ ಇತ್ತಂತೆ. ಪಿ.ಎಫ್. ಹಣ ಸಾಲುವಷ್ಟು ಆಗಿರಲಿಲ್ಲವಂತೆ.

ನನ್ನ ಪ್ರಶ್ನೆಯಲ್ಲೇ ತಪ್ಪಿತ್ತು ಎಂಬುದು ಆಮೇಲೆ ಹೊಳೆಯಿತು. ಉಸಿರುಗಟ್ಟಿಸುವ ಕೆಲಸ ಬಿಟ್ಟು ಸ್ವಂತ ಉದ್ಯೋಗಕ್ಕೆ ಇಳಿದವರ ಕಥೆಗಳನ್ನು ನಾವು ಪತ್ರಿಕೆಯವರು ಬರೆಯುವ ಧಾಟಿಯೇ ಹಾಗೆ: ಒಬ್ಬ ಮನುಷ್ಯ, ಒಂದು ದಿಟ್ಟ ನಿರ್ಧಾರ, ಕೊನೆಗೊಂದು ಯಶಸ್ಸು. ಆತನ ಜೇಬಿನಲ್ಲಿ ಆ ದಿನ ಏನಿತ್ತು, ಆತ ಯಾರಿಗೆ ಎಷ್ಟು ಕೊಡಬೇಕಿತ್ತು ಎಂದು ಯಾರೂ ಕೇಳುವುದಿಲ್ಲ. ಆದರೆ ಹಾಸನ ಜಿಲ್ಲೆಯ ಇತಿಹಾಸದಲ್ಲಿ ದುಡಿಮೆಯ ಅಧ್ಯಾಯವನ್ನು ತಿರುವಿದರೆ ಆ ಎರಡು ಪ್ರಶ್ನೆಗಳೇ ಮತ್ತೆ ಮತ್ತೆ ಎದುರಾಗುತ್ತವೆ. ಧಣಿಗೆ ಸಾಲಗಾರನಾದವನು ಬಿಟ್ಟು ಹೋಗಲಾರ. ಕೈಯಲ್ಲಿ ನಾಲ್ಕು ಕಾಸು, ಬೆನ್ನ ಹಿಂದೆ ಒಂದು ತುಂಡು ನೆಲ ಇದ್ದವನು ಹೋಗಬಲ್ಲ.

ಮೊದಲು ಪದಗಳನ್ನೇ ನೋಡೋಣ. ತಿಂಗಳ ಕೊನೆಗೆ ನಾವು ಎಣಿಸಿಕೊಳ್ಳುವ ‘ಸಂಬಳ’ವನ್ನು ನಿಘಂಟುಕಾರರು ‘ಶಂಬಲ’ ಎಂಬ ಸಂಸ್ಕೃತ ಪದಕ್ಕೆ ಜೋಡಿಸುತ್ತಾರೆ. ಹಾಗೆಂದರೆ ದಾರಿಯ ಬುತ್ತಿ, ಪಯಣಕ್ಕೆ ಕಟ್ಟಿಕೊಂಡು ಹೊರಡುವ ಆಹಾರ. ‘ಜೀತ’ ಎಂಬುದು ‘ಜೀವಿತ’ದ ತದ್ಭವ. ಜೀವಿತವೆಂದರೆ ಸೇವೆ ಮಾಡಿದವನ ಹೊಟ್ಟೆಪಾಡಿಗೆ ಕೊಟ್ಟದ್ದು, ವೇತನ. ಹಳೆಯ ಕನ್ನಡದಲ್ಲಿ ಅದರಲ್ಲಿ ಅವಮಾನವೇನೂ ಇರಲಿಲ್ಲ. ದಾರಿಬುತ್ತಿಯೆಂಬ ಪದ ಇಂದಿಗೂ ಗೌರವದಿಂದ ಉಳಿಯಿತು, ಬದುಕು ಎಂಬ ಅರ್ಥದ ಪದ ಮಾತ್ರ ಗುಲಾಮಗಿರಿಯ ಹೆಸರಾಯಿತು. ಪದದ ಅರ್ಥ ಹೀಗೆ ಕೆಡಬೇಕಾದರೆ ಅದು ಸೂಚಿಸುತ್ತಿದ್ದ ಸಂಬಂಧವೂ ಕೆಟ್ಟಿರಬೇಕು.

ಬಿಟ್ಟು ಹೋಗಲಾಗದ ಚಾಕರಿಯ ಅತಿ ವಿಚಿತ್ರ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ನಿಂತಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದವರು ಗೋಡೆಯ ಕೆತ್ತನೆಗಳನ್ನು ನೋಡಿ, ಹೊರಗಿರುವ ಒಂದು ಕಂಬವನ್ನು ಗಮನಿಸದೆ ಬಂದುಬಿಡುತ್ತಾರೆ. ಅದರ ಮೇಲೆ ತಮ್ಮನ್ನು ತಾವೇ ಕತ್ತಿಯಿಂದ ಕಡಿದುಕೊಳ್ಳುತ್ತಿರುವ ವೀರರ ಚಿತ್ರಗಳಿವೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಸಾವಿರ ಯೋಧರು ಪ್ರಾಣಾರ್ಪಣೆ ಮಾಡಿದ ಸಂಗತಿಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಇವರಿಗೆ ‘ಗರುಡ’ರೆಂದು ಹೆಸರು. ಒಡೆಯ ಸತ್ತರೂ ಆಳಿಗೆ ಬಿಡುಗಡೆಯಿಲ್ಲ. ಉಂಡ ಅನ್ನದ ಋಣಕ್ಕೆ ಪ್ರಾಣ ಕೊಡಬೇಕು ಎಂಬ ಈ ಕಟ್ಟಿಗೆ ‘ಜೋಳವಾಳಿ’, ‘ವೇಳೆವಾಳಿ’ ಮೊದಲಾದ ಹೆಸರುಗಳಿದ್ದವು. ದಂಡನಾಯಕನಿಗೆ ಇದು ಕೀರ್ತಿ, ಶಾಸನ, ಶಿಲ್ಪ. ಆ ಸಾವಿರ ಜನರನ್ನು ಯಾರೂ ಬಾಯಿಬಿಟ್ಟು ಕೇಳಿರಲಾರರು ಎಂದು ನನ್ನ ಗುಮಾನಿ. ಆದರೂ ‘ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು’ ಎಂದು ಇಂದಿಗೂ ನಾವು ಆಡುವ ಮಾತಿನ ಹಿಂದೆ ಈ ಕಂಬದ ನೆರಳಿದೆ. ರಾಜೀನಾಮೆ ಕೊಟ್ಟವನಿಗೆ ಮೇಲಧಿಕಾರಿ ‘ಇಷ್ಟು ಮಾಡಿದ್ದಕ್ಕೆ ಹೀಗಾ’ ಎನ್ನುವಾಗ ಕೇಳಿಸುವುದೂ ಅದೇ ಧ್ವನಿ.

ಆದರೆ ಅನ್ನದ ಋಣಕ್ಕಿಂತ ಗಟ್ಟಿಯಾಗಿ ಕಟ್ಟಿಹಾಕಿದ್ದು ನಗದು ಋಣ. ಜೀತದ ವ್ಯವಸ್ಥೆ ಕೆಲಸ ಮಾಡುತ್ತಿದ್ದ ಬಗೆ ಹಳ್ಳಿಯ ಹಿರಿಯರಿಗೆಲ್ಲ ಗೊತ್ತು. ಮದುವೆಗೋ ತಿಥಿಗೋ ಕಾಯಿಲೆಗೋ ಒಡೆಯನಿಂದ ಸಾಲ. ಸಾಲಕ್ಕೆ ಬಡ್ಡಿಯೆಂದು ದುಡಿಮೆ. ದುಡಿಮೆ ಬಡ್ಡಿಗೇ ಸರಿಹೋಗಿ ಅಸಲು ಹಾಗೆಯೇ ಉಳಿಯುವುದು. ನಡುವೆ ಜ್ವರದಲ್ಲಿ ಮಲಗಿದ ದಿನಗಳನ್ನು ಕಳೆದು ಲೆಕ್ಕ ಬರೆಯುವವನೂ ಒಡೆಯನೇ, ಓದಿ ಹೇಳುವವನೂ ಒಡೆಯನೇ. ತಂದೆಯ ಲೆಕ್ಕಕ್ಕೆ ಮಗ ಹೋಗಿ ನಿಲ್ಲುವುದು.

1840ರ ದಶಕದಿಂದ ಮಂಜರಾಬಾದು ಸೀಮೆಯಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ, ಯೂರೋಪಿಯನ್ನರ ಕಾಫಿ ತೋಟಗಳು ಹಬ್ಬತೊಡಗಿದಾಗ ಇದೇ ಋಣಕ್ಕೆ ಹೊಸ ಅಂಗಿ ತೊಡಿಸಲಾಯಿತು. ಬಯಲುಸೀಮೆಯಿಂದಲೂ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಆಳುಗಳನ್ನು ತರುವವನು ಮೇಸ್ತ್ರಿ. ದೊರೆ ಮೇಸ್ತ್ರಿಗೆ ಮುಂಗಡ ಕೊಡುತ್ತಾನೆ, ಮೇಸ್ತ್ರಿ ಅದನ್ನು ಆಳುಗಳಿಗೆ ಹಂಚುತ್ತಾನೆ. ಮುಂಗಡ ಮುಟ್ಟಿದವನು ತೋಟ ಬಿಡುವಂತಿಲ್ಲ. ಬಿಟ್ಟರೆ ಏನಾಗುತ್ತಿತ್ತು ಎಂಬುದಕ್ಕೆ ಬ್ರಿಟಿಷ್ ಸರ್ಕಾರದ 1859ರ 13ನೆಯ ಕಾಯಿದೆಯೇ ಉತ್ತರ. ಕೆಲಸಗಾರರ ಕರಾರುಭಂಗದ ಕಾಯಿದೆಯೆಂದು ಅದನ್ನು ಕರೆಯುತ್ತಿದ್ದರು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರು ಕರೆಸಿ, ಹಣ ಹಿಂತಿರುಗಿಸು, ಇಲ್ಲವೇ ಕೆಲಸಕ್ಕೆ ಹೋಗು ಎಂದು ಆಜ್ಞೆ ಮಾಡಬಹುದಿತ್ತು. ಮೀರಿದರೆ ಮೂರು ತಿಂಗಳವರೆಗೆ ಜೈಲು. ಮೊದಲಿಗೆ ಕಲ್ಕತ್ತ, ಮದ್ರಾಸು, ಬೊಂಬಾಯಿ ಪಟ್ಟಣಗಳಿಗೆಂದು ಮಾಡಿದ ಈ ಕಾನೂನು ಬರಬರುತ್ತಾ ತೋಟದ ಮಾಲೀಕರ ಕೈಯ ಹಗ್ಗವಾಯಿತು. ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕೂಲಿ ಕೊಡದ ಮಾಲೀಕನನ್ನು ಜೈಲಿಗೆ ಹಾಕುವ ಮಾತು ಆ ಕಾಯಿದೆಯಲ್ಲಿ ಇರಲಿಲ್ಲ. ಕೆಲಸ ಬಿಡುವುದು ಅಪರಾಧ, ಕೂಲಿ ಕೊಡದಿರುವುದು ಬರೀ ವ್ಯವಹಾರದ ತಕರಾರು. 1925ರಲ್ಲಿ ಶಾಸನಸಭೆ ಅದನ್ನು ರದ್ದುಪಡಿಸಿತು. ಮರುವರ್ಷದಿಂದ ಅದು ಇಲ್ಲವಾಯಿತು.

ಕಾಯಿದೆ ಹೋಯಿತು, ಮುಂಗಡ ಉಳಿಯಿತು. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನ ಬಳಿ ಎತ್ತುಗಳಿವೆ, ಉಳುವುದಕ್ಕೆ ನೆಲವಿಲ್ಲ. ಅವನ ಆಸೆಯೆಲ್ಲ ಒಂದೇ, ಸ್ವಂತ ಬೇಸಾಯ. ಆದರೆ ಘಟ್ಟದ ಮೇಲಿನ ಕಾಫಿ ತೋಟದ ಸಾಲ ಅವನ ಕುತ್ತಿಗೆಗಿದೆ. ತೀರಿಸಲು ಮಕ್ಕಳನ್ನು ತೋಟಕ್ಕೆ ಕಳಿಸುತ್ತಾನೆ. ಆ ಕಾದಂಬರಿಯನ್ನು ಅಸ್ಪೃಶ್ಯತೆಯ ಕಥೆಯೆಂದು ನಾವು ಓದುತ್ತೇವೆ, ಅದು ಸರಿಯೇ. ಆದರೆ ಚಾಕರಿ ಬಿಟ್ಟು ತನ್ನ ಕಾಲ ಮೇಲೆ ನಿಲ್ಲಬೇಕೆಂದು ಹೊರಟವನ ಕಥೆಯಾಗಿಯೂ ಅದನ್ನು ಓದಿ ನೋಡಬೇಕು. ಧೈರ್ಯಕ್ಕೆ ಚೋಮನಲ್ಲಿ ಕೊರತೆಯಿರಲಿಲ್ಲ.

ಜೀತಕ್ಕೆ ಕಾನೂನಿನ ಏಟು ಬಿದ್ದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರ ಫೆಬ್ರುವರಿಯಲ್ಲಿ ಕಾಯಿದೆ. ರಾಜ್ಯದಲ್ಲಿ ಆಗ ದೇವರಾಜ ಅರಸರ ಸರ್ಕಾರ. ಭೂಸುಧಾರಣೆಯೂ ಸಾಲಮನ್ನಾದ ಕಾನೂನೂ ಅದೇ ಹೊತ್ತಿನಲ್ಲಿ ಜಾರಿಗೆ ಬರುತ್ತಿದ್ದವು. ಜೀತ ರದ್ದತಿ ಕಾಯಿದೆಯ ವ್ಯಾಖ್ಯೆಯನ್ನು ಓದಿದರೆ ಒಂದು ಮಾತು ಕಣ್ಣಿಗೆ ಬೀಳುತ್ತದೆ. ಮುಂಗಡ ಪಡೆದ ಕಾರಣಕ್ಕೆ ಬೇರೆ ಉದ್ಯೋಗವನ್ನಾಗಲಿ ಬೇರೆ ಜೀವನೋಪಾಯವನ್ನಾಗಲಿ ಹಿಡಿಯುವ ಸ್ವಾತಂತ್ರ್ಯ ಕಳೆದುಕೊಂಡವನೂ ಜೀತದಾಳೇ. ಅಂದರೆ ಹೊಡೆತ, ಬೇಡಿಗಳೇ ಇರಬೇಕಿಲ್ಲ. ಬಿಟ್ಟು ಹೋಗಲು ಬಿಡದಿರುವುದೇ ಸಾಕು. ಒಂದೇ ಏಟಿಗೆ ಆ ಸಾಲಗಳೆಲ್ಲ ರದ್ದು. ಬಿಡುಗಡೆಯಾದವನನ್ನು ಅವನು ವಾಸವಿರುವ ಗುಡಿಸಲಿನಿಂದ ಎಬ್ಬಿಸಬಾರದು ಎಂಬ ಕಲಮೂ ಅದರಲ್ಲಿದೆ. ಬರೆದವರಿಗೆ ಹಳ್ಳಿ ಗೊತ್ತಿತ್ತು ಎನ್ನಬೇಕು. ಸಾಲ ಹೋದರೂ ಗುಡಿಸಲು ಒಡೆಯನ ನೆಲದಲ್ಲಿದ್ದರೆ ಬಿಡುಗಡೆ ಸಂಜೆಯವರೆಗೆ ಮಾತ್ರ.

ಅಷ್ಟಾದರೂ ಕಾಗದದ ಬಿಡುಗಡೆ ಸಾಲದು ಎಂಬುದು ಎರಡೇ ವರ್ಷಗಳಲ್ಲಿ ಸರ್ಕಾರಕ್ಕೆ ತಿಳಿಯಿತು. 1978ರಲ್ಲಿ ಪುನರ್ವಸತಿ ಯೋಜನೆ ಬಂತು, ಬಿಡುಗಡೆಯಾದ ಒಬ್ಬರಿಗೆ 4,000 ರೂಪಾಯಿ. ಮೊತ್ತ ಹಂತಹಂತವಾಗಿ ಏರಿ 2000ದಲ್ಲಿ 20,000 ಆಯಿತು. 2016ರಲ್ಲಿ ವಯಸ್ಕ ಪುರುಷನಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ತೀವ್ರ ಶೋಷಣೆಯ ಪ್ರಕರಣಗಳಲ್ಲಿ 3 ಲಕ್ಷವೆಂದು ನಿಗದಿಯಾಯಿತು. ಬಿಟ್ಟು ಬಂದವನ ಕೈಯಲ್ಲಿ ಏನೂ ಇಲ್ಲದಿದ್ದರೆ ಅವನು ಮತ್ತೆ ಅದೇ ಬಾಗಿಲಿಗೆ ಹೋಗುತ್ತಾನೆ ಎಂಬುದನ್ನು ಸರ್ಕಾರವೇ ಲೆಕ್ಕದಲ್ಲಿ ಒಪ್ಪಿಕೊಂಡಂತಾಯಿತು.

ಇದೆಲ್ಲ ಬಡವರ ಮಾತಾಯಿತು, ವಿದ್ಯಾವಂತರ ವಿಷಯ ಬೇರೆಯಲ್ಲವೇ ಎಂದು ಕೇಳಬಹುದು. ಅಷ್ಟೇನೂ ಬೇರೆಯಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿ ಮೂರು ದಶಕದ ಹತ್ತಿರ ದುಡಿದವರು. ತಮಗಿಂತ ಕಿರಿಯರೊಬ್ಬರಿಗೆ ಮಂತ್ರಿ ಪದವಿ ಹೋದಾಗ 1943ರಲ್ಲಿ ಕೆಲಸ ಬಿಟ್ಟರು. ಮರುವರ್ಷದಿಂದ ‘ಜೀವನ’ ಪತ್ರಿಕೆಯ ಸಂಪಾದಕತ್ವ ವಹಿಸಿ ಎರಡು ದಶಕ ನಡೆಸಿದರು. ಆರ್. ಕೆ. ನಾರಾಯಣ್ ಅವರ ಕಥೆ ಇನ್ನೂ ಸ್ವಾರಸ್ಯ. ಬಿ.ಎ. ಮುಗಿಸಿದ ಮೇಲೆ ಚನ್ನಪಟ್ಟಣದ ಶಾಲೆಯಲ್ಲಿ ಮೇಷ್ಟರ ಕೆಲಸ ಹಿಡಿದರು (ನಮ್ಮ ಚನ್ನರಾಯಪಟ್ಟಣವಲ್ಲ, ಬೊಂಬೆಗಳ ಚನ್ನಪಟ್ಟಣ; ಹೊರಗಿನವರಿಗೆ ಈ ಗೊಂದಲ ಇಂದಿಗೂ ಬಿಟ್ಟಿಲ್ಲ). ವ್ಯಾಯಾಮದ ಮೇಷ್ಟರ ಬದಲಿಗೆ ಹೋಗಿ ನಿಲ್ಲಿ ಎಂದು ಹೆಡ್ಮಾಸ್ತರರು ಹೇಳಿದ್ದೇ ತಡ, ಕೆಲಸ ಬಿಟ್ಟು ಮೈಸೂರಿಗೆ ಬಂದುಬಿಟ್ಟರು. ಬರೆದು ಬದುಕುತ್ತೇನೆಂದು ಕುಳಿತ ಮೊದಲ ವರ್ಷದ ಸಂಪಾದನೆ 9 ರೂಪಾಯಿ 12 ಆಣೆ. ಅಷ್ಟರಲ್ಲಿ ವರ್ಷ ಹೇಗೆ ಕಳೆಯಿತು? ತಂದೆ ಹೆಡ್ಮಾಸ್ತರರಾಗಿದ್ದವರು, ಮೈಸೂರಿನಲ್ಲಿ ಮನೆಯಿತ್ತು, ಹೊತ್ತಿಗೆ ಊಟವಿತ್ತು. ಮಾಲ್ಗುಡಿ ಹುಟ್ಟಿದ್ದರಲ್ಲಿ ಆ ಅಡುಗೆಮನೆಯ ಪಾಲೂ ಇದೆ. ಇದನ್ನು ಹೇಳುವುದು ಅವರ ಹಿರಿಮೆಯನ್ನು ಕಡಿಮೆ ಮಾಡಲಿಕ್ಕಲ್ಲ. ಅದೇ ಹೊತ್ತಿಗೆ ಅದೇ ಬಗೆಯ ಹೆಡ್ಮಾಸ್ತರರನ್ನು ಸಹಿಸಿಕೊಂಡು ಮೂವತ್ತು ವರ್ಷ ತೇದ ಮೇಷ್ಟರುಗಳಿಗೆ ಸ್ವಾಭಿಮಾನ ಇರಲಿಲ್ಲ ಎಂದುಕೊಳ್ಳಬಾರದು, ಅಷ್ಟೇ.

ನಮ್ಮ ಜಿಲ್ಲೆಯಲ್ಲಿ ಕೆಲಸ ಬಿಟ್ಟವರ ಮಾತು ಬಂದರೆ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಹೆಸರು ಬರಲೇಬೇಕು. 1951ರಲ್ಲಿ ಮೇಲುಕೋಟೆಯಲ್ಲಿ ಹುಟ್ಟಿ ಗೊರೂರಿನಲ್ಲಿ ಬೆಳೆದವರು. ತಂದೆ ಶಾಲಾ ಮೇಷ್ಟರು. ಬಿಜಾಪುರದ ಸೈನಿಕ ಶಾಲೆ, ಅಲ್ಲಿಂದ ಸೇನೆ, 1971ರ ಬಾಂಗ್ಲಾ ಯುದ್ಧ. ಮೂವತ್ತು ತುಂಬುವ ಮೊದಲೇ, 70ರ ದಶಕದ ಕೊನೆಗೆ, ಸೇನೆ ಬಿಟ್ಟರು. ಸೇನೆಯಲ್ಲಿ ಅವರಿಗೆ ಕಿರುಕುಳವಿತ್ತೆಂದು ಅರ್ಥವಲ್ಲ. ಇನ್ನೊಬ್ಬರ ಆಜ್ಞೆಯಲ್ಲಿ ಬಾಳುವುದು ಒಗ್ಗಲಿಲ್ಲ. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿ (ಕ್ರಿಕೆಟಿಗ ಶ್ರೀನಾಥರ ಹೆಸರಿನ ಮುಂದಿರುವುದು ಇದೇ ಊರು) ಬರಡು ನೆಲದಲ್ಲಿ ಗುಡಾರ ಹಾಕಿಕೊಂಡು ಬೇಸಾಯ, ತೆಂಗು, ರೇಷ್ಮೆ. ಹಾಸನದಲ್ಲಿ ಎನ್‌ಫೀಲ್ಡ್ ಮೋಟಾರ್ ಸೈಕಲ್ ಮಾರಾಟ, ಹೋಟೆಲು. 1996ರಲ್ಲಿ ಪರಿಸರಸ್ನೇಹಿ ರೇಷ್ಮೆ ಕೃಷಿಗೆ ರೋಲೆಕ್ಸ್ ಪ್ರಶಸ್ತಿ. 1997ರಲ್ಲಿ ಹೆಲಿಕಾಪ್ಟರು ಸೇವೆ. 2003ರಲ್ಲಿ ಏರ್ ಡೆಕ್ಕನ್. ತಮಿಳಿನಲ್ಲಿ 2020ರಲ್ಲಿ ಬಂದ ‘ಸೂರರೈ ಪೋಟ್ರು’ ಚಿತ್ರಕ್ಕೆ ಪ್ರೇರಣೆ ಅವರ ಆತ್ಮಕಥೆಯೇ.

ಚಿತ್ರದಲ್ಲಿ ಕಾಣದ ಒಂದು ಪಾತ್ರವೆಂದರೆ ಹೇಮಾವತಿ ಹೊಳೆ. ಗೊರೂರಿನಲ್ಲಿ 1979ರ ಹೊತ್ತಿಗೆ ಮುಗಿದ ಅಣೆಕಟ್ಟಿನ ಹಿನ್ನೀರಿಗೆ ಸುತ್ತಲಿನ ಅನೇಕ ಹಳ್ಳಿಗಳ ಹೊಲಗದ್ದೆಗಳ ಜೊತೆ ಅವರ ಕುಟುಂಬದ ಭೂಮಿಯೂ ಸೇರಿತು. ಅದರ ಬದಲಿಗೆ ಸಿಕ್ಕಿದ್ದೇ ಜಾವಗಲ್‌ನ ಬರಡು ನೆಲ. ಬಹಳ ಮಂದಿ ಅಂಥ ಬದಲಿ ಭೂಮಿಯನ್ನು ನೋಡಲೂ ಹೋಗದೆ ಬಂದ ಬೆಲೆಗೆ ಮಾರಿದ್ದುಂಟು. ಗೋಪಿನಾಥ್ ಹೋಗಿ ಅಲ್ಲೇ ನಿಂತರು. ಆ ಮಟ್ಟಿಗೆ ಅದು ಅವರ ಹಟ, ಅವರ ಬೆವರು. ಆದರೆ ಬರಡಾದರೂ ನೆಲ ನೆಲವೇ. ಚೋಮನಿಗೆ ಕೊನೆಯವರೆಗೂ ಸಿಗದಿದ್ದದ್ದು ಅದೇ.

ಈಗ ಬೆಂಗಳೂರಿಗೆ ಹೋಗೋಣ, ಏಕೆಂದರೆ ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗ ಹುಡುಗಿಯರು ಹೋಗುವುದೂ ಅಲ್ಲಿಗೇ. ಚನ್ನರಾಯಪಟ್ಟಣದಿಂದ ಹೆದ್ದಾರಿಯ ಬಸ್ಸು ಮೊದಲಿನಿಂದಲೂ ಇತ್ತು. ಶ್ರವಣಬೆಳಗೊಳ, ಕುಣಿಗಲ್ ಮೂಲಕ ಹಾಸನ–ಬೆಂಗಳೂರು ರೈಲುಮಾರ್ಗ 2017ರಲ್ಲಿ ಪೂರ್ತಿ ತೆರೆಯಿತು. ಬೆಂಗಳೂರಿನ ಉಡುಪು ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು, ಹಾಸನ, ಮಂಡ್ಯ, ತುಮಕೂರಿನಂಥ ಜಿಲ್ಲೆಗಳಿಂದ ಬಂದವರು ಅವರಲ್ಲಿ ಬಹಳ. 2016ರ ಏಪ್ರಿಲ್ 18ರಂದು ಅವರು ಹೊಸೂರು ರಸ್ತೆಗೆ ಇಳಿದರು. ಬೊಮ್ಮನಹಳ್ಳಿಯಲ್ಲಿ ಸಂಚಾರ ನಿಂತಿತು. ಮರುದಿನ ಜಾಲಹಳ್ಳಿ, ಪೀಣ್ಯ, ಹೆಬ್ಬಗೋಡಿಗೆ ಹಬ್ಬಿತು. ಬಸ್ಸುಗಳು ಉರಿದವು, ಲಾಠಿ ಬೀಸಿತು. ದೊಡ್ಡ ನಾಯಕರು ಯಾರೂ ಕರೆ ಕೊಟ್ಟಿರಲಿಲ್ಲ.

ಕಾರಣ ಒಂದು ಸಣ್ಣ ತಿದ್ದುಪಡಿ. ಭವಿಷ್ಯನಿಧಿಯಲ್ಲಿ ಮಾಲೀಕನ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಮುಪ್ಪಿಗೆ ಹಣ ಉಳಿಯಲಿ ಎಂಬುದು ಉದ್ದೇಶ, ಕೇಳಲು ಚೆನ್ನಾಗಿಯೇ ಇದೆ. ಆದರೆ ಲೆಕ್ಕ ಹಾಕಿ ನೋಡಿ. ಮೂಲವೇತನ 10,000 ರೂಪಾಯಿ ಇದ್ದರೆ ಶೇಕಡಾ 12ರಂತೆ ಕಾರ್ಮಿಕಳಿಂದ 1,200 ಕಡಿತ. ಮಾಲೀಕನೂ 1,200 ಕಟ್ಟುತ್ತಾನೆ, ಅದರಲ್ಲಿ 833 ಪಿಂಚಣಿಗೆ, 367 ಭವಿಷ್ಯನಿಧಿಗೆ. ತಿಂಗಳಿಗೆ 1,567. ಎಂಟು ವರ್ಷಕ್ಕೆ, ಬಡ್ಡಿ ಬಿಟ್ಟು, 1,50,432. ತಿದ್ದುಪಡಿ ಕಟ್ಟಿಹಾಕಲು ಹೊರಟದ್ದು ಇದರಲ್ಲಿ ಮಾಲೀಕನ ಪಾಲಾದ 35,232 ರೂಪಾಯಿಯನ್ನು. ದೆಹಲಿಯ ಕಚೇರಿಯಲ್ಲಿ ಅದು ಮುಪ್ಪಿನ ಉಳಿತಾಯ. ಹೊಲಿಗೆ ಯಂತ್ರದ ಮುಂದೆ ಕುಳಿತವಳಿಗೆ ಅದು ಊರಿನಲ್ಲಿ ಸ್ವಂತ ಯಂತ್ರ ಕೊಳ್ಳುವ ಹಣ, ಮೂವತ್ತೈದಕ್ಕೇ ಕಣ್ಣೂ ಬೆನ್ನೂ ಸೋತಾಗ ಹೊರಬರುವ ಬಾಗಿಲಿನ ಕೀಲಿ. 58ರವರೆಗೆ ಆ ಸಾಲಿನಲ್ಲಿ ಯಾರು ಕುಳಿತಿರುತ್ತಾರೆ? ಏಪ್ರಿಲ್ 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ಪಡೆಯಿತು. ಆ ಎರಡು ದಿನಗಳ ಗಲಭೆಯನ್ನು ತಪ್ಪು ತಿಳಿವಳಿಕೆಯ ಫಲವೆಂದು ಕೆಲವರು ಆಗ ಬರೆದರು. ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಲೆಕ್ಕ ಚೆನ್ನಾಗಿ ಬರುತ್ತಿತ್ತು.

ಈ ಲೆಕ್ಕ ಇಂದಿಗೂ ಮುಗಿದಿಲ್ಲ. ಕೆಲಸ ಹೋಗಿ ಎರಡು ತಿಂಗಳಾದರೆ ಪೂರ್ತಿ ಹಣ ತೆಗೆಯಬಹುದೆಂಬ ನಿಯಮವನ್ನು ಬದಲಿಸಲು ಭವಿಷ್ಯನಿಧಿಯ ಕೇಂದ್ರ ಮಂಡಳಿ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಮುಕ್ಕಾಲು ಪಾಲು ಕೂಡಲೇ ಸಿಗಬೇಕು, ಕಾಲು ಪಾಲು ಖಾತೆಯಲ್ಲೇ ಉಳಿಯಬೇಕು, ಪೂರ್ತಿ ತೆಗೆಯಲು ಹನ್ನೆರಡು ತಿಂಗಳು ಕಾಯಬೇಕು ಎಂಬುದು ಆ ತೀರ್ಮಾನ. ಮೇಲಿನ ಉದಾಹರಣೆಯಲ್ಲಿ ಕಾಲು ಪಾಲೆಂದರೆ 37,608. 2016ರಲ್ಲಿ ರಸ್ತೆಗಿಳಿಸಿದ 35,232ಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಕಾಯಬೇಕಾದದ್ದು 58ರವರೆಗಲ್ಲ, ಒಂದು ವರ್ಷ; ಅದು ನಿಜವಾಗಿ ದೊಡ್ಡ ವ್ಯತ್ಯಾಸ. ಆದರೆ ಅಂಗಡಿ ಹಾಕುವವರಿಗೆ ಹಣ ಬೇಕಾಗುವುದು ಮೊದಲ ವರ್ಷದಲ್ಲೇ.

ಒಳ್ಳೆಯ ಕಡೆಯೂ ಇದೆ. 1859ರ ಕಾಯಿದೆಯಂತೆ ಇಂದು ಯಾವ ನ್ಯಾಯಾಲಯವೂ ಒಬ್ಬನನ್ನು ಹಿಡಿದು ಕೆಲಸಕ್ಕೆ ಕಳಿಸಲಾರದು. ಕರಾರು ಮುರಿದರೆ ಹೆಚ್ಚೆಂದರೆ ಪರಿಹಾರದ ಹಣ ಕಟ್ಟಬೇಕಾದೀತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವರ ಬಾಕಿ ಸಂಬಳವನ್ನೂ ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಇದು ಸಾಮಾನ್ಯರಿಗೆ ತಿಳಿದಿರಲೇಬೇಕಾದ ಸಂಗತಿ. ‘ಬಿಟ್ಟು ಹೋದರೆ ಬಾಕಿ ಕೊಡುವುದಿಲ್ಲ’ ಎಂಬ ಬೆದರಿಕೆಯೇ ಎಷ್ಟೋ ಕಡೆ ಬೀಗದ ಕೆಲಸ ಮಾಡುತ್ತದೆ. ಒಂದು ಕಾಲದಲ್ಲಿ ಕೊಟ್ಟ ಮುಂಗಡ ಕಟ್ಟಿಹಾಕುತ್ತಿತ್ತು, ಈಗ ಕೊಡದೆ ಉಳಿಸಿಕೊಂಡ ಹಣ ಕಟ್ಟಿಹಾಕುತ್ತದೆ. ಮುಚ್ಚಳಿಕೆಯ ವಿಷಯ ಮಾತ್ರ ಎಚ್ಚರದಿಂದ ನೋಡಬೇಕು. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಹಳೆಯ ಷರತ್ತನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಸಹಿ ಹಾಕುವಾಗ ಸಣ್ಣ ಅಕ್ಷರಗಳನ್ನು ಓದುವ ಪುರುಸೊತ್ತು ಇಪ್ಪತ್ತೆರಡರ ವಯಸ್ಸಿನಲ್ಲಿ ಯಾರಿಗಿರುತ್ತದೆ? ನನಗಂತೂ ಇರಲಿಲ್ಲ.

ಬಿಟ್ಟು ಬಂದ ಮೇಲೆ ಎಲ್ಲ ಸುಖವೆಂದು ಬರೆದರೆ ಓದುಗರಿಗೆ ಮೋಸ ಮಾಡಿದಂತೆ. ನನ್ನ ಜೊತೆ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದ ಒಬ್ಬ ಕೆಲಸ ಬಿಟ್ಟು ಹಾಸನದಲ್ಲಿ ಮದುವೆ ವೀಡಿಯೊ ತೆಗೆಯುತ್ತಾನೆ. ಆಷಾಢ ಬಂತೆಂದರೆ ಅವನಿಗೆ ಸಂಬಳದ ನೆನಪು. ಸ್ವಂತ ದುಡಿಮೆಗೆ ಇಳಿದ ಮೇಲಿನ ವರ್ಷಗಳಿಗೆ ಇ.ಎಸ್.ಐ. ಆಸ್ಪತ್ರೆಯೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ. ಸ್ವಂತ ಉದ್ಯೋಗಕ್ಕೂ ಮುಂಗಡದ ಭೂತ ಬೆನ್ನು ಬಿಡುವುದಿಲ್ಲ. ಅರಕಲಗೂಡು ತಾಲ್ಲೂಕಿನ ಹೊಗೆಸೊಪ್ಪಿನ ರೈತ ತನ್ನ ಹೊಲಕ್ಕೆ ತಾನೇ ಒಡೆಯ. ಆದರೆ ಬೆಳೆಯಲು ತಂಬಾಕು ಮಂಡಳಿಯ ಪರವಾನಗಿ ಬೇಕು, ಬೇಯಿಸಲು ಬ್ಯಾರನ್ನು ಬೇಕು, ಮಾರಲು ರಾಮನಾಥಪುರದ ಹರಾಜು ಕಟ್ಟೆಗೇ ಹೋಗಬೇಕು. ಬ್ಯಾಂಕಿನ ಸಾಲ ಅಲ್ಲೇ ಮುರಿದುಕೊಂಡು ಉಳಿದದ್ದು ಕೈಗೆ. ಹಾಸನದ ಆಲೂಗೆಡ್ಡೆಯವರು ಜಲಂಧರದ ಬಿತ್ತನೆಗೆ ಮೊದಲೇ ದುಡ್ಡು ಹೊಂದಿಸಬೇಕು, ಆಮೇಲೆ ಅಂಗಮಾರಿ ಬಾರದಿರಲೆಂದು ಆಕಾಶ ನೋಡಬೇಕು. ಇನ್ನು ವಾರದ ಕಂತಿನ ಮೈಕ್ರೊಫೈನಾನ್ಸ್ ಸಾಲ. ವಸೂಲಿಯವರ ಕಾಟಕ್ಕೆ ಜನ ಮನೆ ಬಿಟ್ಟು ಹೋದ ಸುದ್ದಿಗಳು ಒಂದರ ಮೇಲೊಂದು ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು. ಪಿ.ಎಫ್. ಹಣದಲ್ಲಿ ಯಂತ್ರ ಕೊಂಡವಳಿಗೂ ವಾರದ ಕಂತಿನ ಸಾಲದಲ್ಲಿ ಕೊಂಡವಳಿಗೂ ಯಂತ್ರ ಒಂದೇ. ನಿದ್ದೆ ಬೇರೆ ಬೇರೆ.

ಹೊಳೆನರಸೀಪುರದ ಅಂಗಡಿಯಾಕೆ ಮೊದಲ ಯಂತ್ರವನ್ನು ಪಿ.ಎಫ್. ಹಣದಿಂದಲೇ ಕೊಂಡರು. ಎರಡನೆಯದನ್ನು ಎರಡು ವರ್ಷದ ನಂತರ, ಅಂಗಡಿಯ ದುಡಿಮೆಯಿಂದ. ಸಾಲ ಬೇಕೇ ಎಂದು ಕೇಳಿಕೊಂಡು ಬಂದವರನ್ನು ಕುಳ್ಳಿರಿಸಿ ಕಾಫಿ ಕೊಟ್ಟು ಕಳಿಸಿದರಂತೆ. ಶಾಲೆಯ ಸಮವಸ್ತ್ರದ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಕೆಲಸ, ಶ್ರಾವಣಕ್ಕೆ ರವಿಕೆಗಳ ರಾಶಿ, ನಡುವೆ ಕೆಲವು ತಿಂಗಳು ನೊಣ ಹೊಡೆಯುವುದು. ಕಾರ್ಖಾನೆಯ ಸಂಬಳಕ್ಕಿಂತ ವರ್ಷದ ಲೆಕ್ಕದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂದರು. ಬಾಗಿಲಿಗೆ ಬಂದ ಹುಡುಗಿಯೊಬ್ಬಳಿಗೆ, ನಾಳೆ ಕೊಡಲಾಗುವುದಿಲ್ಲ, ಶುಕ್ರವಾರ ಬಾ ಎಂದು ಹೇಳಿ ಕಳಿಸಿದರು.

ಆಕೆಯ ತಂಗಿ ಇನ್ನೂ ಬೆಂಗಳೂರಿನಲ್ಲಿ, ಅಂಥದ್ದೇ ಒಂದು ಸಾಲಿನಲ್ಲಿ, ತೋಳು ಹೊಲಿಯುತ್ತಿದ್ದಾಳೆ. ಬರಲು ಮನಸ್ಸಿದೆ. ಹೊಸ ತೀರ್ಮಾನದ ಪ್ರಕಾರ ಅವಳಿಗೆ ಮೊದಲು ಎಷ್ಟು ಸಿಗುತ್ತದೆ, ಎಷ್ಟು ಉಳಿಯುತ್ತದೆ ಎಂದು ನನ್ನನ್ನು ಕೇಳಿದರು. ಸಂಬಳ ಎಷ್ಟು, ಎಷ್ಟು ವರ್ಷವಾಯಿತು ಎಂದು ಕೇಳಿಕೊಂಡು ಹೇಳಿದೆ. ಸೀಮೆಸುಣ್ಣದ ತುಂಡಿನಿಂದ ಕತ್ತರಿಸುವ ಮೇಜಿನ ಮೇಲೆ ಆ ಎರಡು ಅಂಕಿಗಳನ್ನು ಬರೆದುಕೊಂಡು, ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ತಂಗಿಗೆ ಕಳಿಸಿದರು.